ನಕ್ಷೆಯ ಮೇಲೆ ಬರೆದ ಮಾತು: ಶಿಕಾಗೊ ಸರೋವರದಂಡೆಯ ಕಥೆ



ಶಿಕಾಗೊ ಎಂದೊಡನೆ ನಿಮಗೆ 1893ರ ಸರ್ವಧರ್ಮ ಸಮ್ಮೇಳನವೂ ಅಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣವೂ ನೆನಪಿಗೆ ಬರುತ್ತವೆ. ಆ ಭಾಷಣ ನಡೆದ ಕಟ್ಟಡ ಇಂದು ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯವಾಗಿದೆ. ಮಿಷಿಗನ್ ಸರೋವರದ ದಂಡೆಯಲ್ಲಿರುವ ಗ್ರಾಂಟ್ ಪಾರ್ಕ್ ಎಂಬ ವಿಶಾಲ ಉದ್ಯಾನದಲ್ಲಿ ಅದು ನಿಂತಿದೆ. ಸ್ವಾರಸ್ಯವೆಂದರೆ, ಆ ದಂಡೆಯಲ್ಲಿ ಯಾವ ಕಟ್ಟಡವೂ ಏಳಕೂಡದೆಂದು 1836ರಲ್ಲಿಯೇ ಬರೆದಿಟ್ಟಾಗಿತ್ತು!

ಬರೆದವರು ಯಾರು? ಆಗ ಶಿಕಾಗೊ ಒಂದು ಸಣ್ಣ ಊರು. ಅದಕ್ಕೆ ನಗರದ ಸ್ಥಾನ ದೊರೆತದ್ದು 1837ರಲ್ಲಿ. ಸರೋವರವನ್ನು ಇಲಿನಾಯ್ ನದಿಗೆ ಜೋಡಿಸುವ ಕಾಲುವೆಗೆ ಹಣ ಬೇಕಾಗಿತ್ತು. ಅದಕ್ಕಾಗಿ ನಿವೇಶನಗಳನ್ನು ಮಾರಲು ಕಾಲುವೆಯ ಮೂವರು ಕಮಿಷನರುಗಳು ಒಂದು ನಕ್ಷೆ ತಯಾರಿಸಿದರು. ನೀರಿನ ಬದಿಯ ಪಟ್ಟಿಯ ಮೇಲೆ ಅವರು ಬರೆದ ಮಾತಿನ ಸಾರಾಂಶವಿಷ್ಟು: ಇದು ಸಾರ್ವಜನಿಕ ನೆಲ, ಕಟ್ಟಡವಾಗಲಿ ಬೇರಾವ ಅಡೆತಡೆಯಾಗಲಿ ಇಲ್ಲದೆ ಎಂದೆಂದಿಗೂ ತೆರೆದಿರತಕ್ಕದ್ದು. ಮೂರು ವರ್ಷಗಳ ನಂತರ ಪಕ್ಕದ ಕೋಟೆಯ ಜಮೀನನ್ನು ಮಾರಿದ ಕೇಂದ್ರ ಸರ್ಕಾರವೂ ತನ್ನ ನಕ್ಷೆಯಲ್ಲಿ ಇಂಥದೇ ಮಾತು ಸೇರಿಸಿತು.

ಆದರೆ ಊರಿಗೆ ಅವಸರದ ಬೇರೆ ಕೆಲಸಗಳಿದ್ದವು. ಅಲೆಗಳ ಹೊಡೆತಕ್ಕೆ ದಂಡೆ ಕೊರೆದುಹೋಗುತ್ತಿತ್ತು. ತಡೆಗೋಡೆ ಕಟ್ಟಿಸುವ ಶಕ್ತಿ ನಗರಸಭೆಗಿರಲಿಲ್ಲ. 1852ರಲ್ಲಿ ನಗರಸಭೆ ಒಂದು ಉಪವಿಧಿಯನ್ನು ಅಂಗೀಕರಿಸಿ, ಗೋಡೆಯನ್ನು ನೀವೇ ಕಟ್ಟಿಕೊಡಿ ಎಂಬ ಷರತ್ತಿನ ಮೇಲೆ ಇಲಿನಾಯ್ ಸೆಂಟ್ರಲ್ ರೈಲ್ವೆ ಕಂಪನಿಗೆ ದಂಡೆಯ ಉದ್ದಕ್ಕೂ ಹಳಿ ಹಾಕಲು ಅನುಮತಿ ಕೊಟ್ಟಿತು. 1869ರಲ್ಲಿ ರಾಜ್ಯದ ಶಾಸನಸಭೆ ಇನ್ನೂ ಮುಂದೆ ಹೋಗಿ, ಸರೋವರದ ತಳದ ಸಾವಿರಕ್ಕೂ ಹೆಚ್ಚು ಎಕರೆಯನ್ನು ಅದೇ ಕಂಪನಿಗೆ ಕೊಟ್ಟುಬಿಟ್ಟಿತು! ನಾಲ್ಕು ವರ್ಷಗಳ ಮೇಲೆ ಅದು ಆ ಕಾನೂನನ್ನು ರದ್ದುಗೊಳಿಸಿದಾಗ ವ್ಯಾಜ್ಯ ಹುಟ್ಟಿತು. ಅಮೆರಿಕದ ಸುಪ್ರೀಂ ಕೋರ್ಟು 1892ರಲ್ಲಿ ಕೊಟ್ಟ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಸರೋವರದ ತಳವನ್ನು ಸರ್ಕಾರ ಜನರ ಪರವಾಗಿ ವಿಶ್ವಸ್ತನಂತೆ ಹೊಂದಿದೆ. ವಿಶ್ವಸ್ತನು ಕಾಯಬೇಕೇ ಹೊರತು ಬಿಟ್ಟುಕೊಡಲಾರ. ತೀರ್ಪಿನ ತಿರುಳು ಇದು. ನಮ್ಮ ದೇವಸ್ಥಾನದ ಧರ್ಮದರ್ಶಿಯನ್ನು ನೆನೆದುಕೊಳ್ಳಿ. ಆಸ್ತಿ ಅವನ ಕೈಯಲ್ಲಿದ್ದರೂ ಅದು ಅವನದಲ್ಲ.

ಅಷ್ಟರಲ್ಲಿ ದಂಡೆಯ ರೂಪವೇ ಬದಲಾಗಿತ್ತು. 1871ರ ಮಹಾ ಬೆಂಕಿಯಲ್ಲಿ ಸುಟ್ಟ ಊರಿನ ಅವಶೇಷಗಳನ್ನು ತಂದು ದಂಡೆಗೂ ಹಳಿಗೂ ನಡುವಿನ ನೀರಿಗೆ ಸುರಿದಿದ್ದರು. ಹೀಗೆ ಎದ್ದ ಹೊಸ ನೆಲದ ಮೇಲೆ ಕಸದ ರಾಶಿ, ಕುದುರೆ ಲಾಯ, ಷೆಡ್ಡುಗಳು ಕಾಣಿಸಿಕೊಂಡವು. ಎದುರಿಗೆ ವ್ಯಾಪಾರಿ ಮಾಂಟ್ಗೊಮರಿ ವಾರ್ಡ್ ಅವರ ಮಳಿಗೆಯಿತ್ತು. ಅಂಚೆಯ ಮೂಲಕ ಸರಕು ಮಾರಿ ಶ್ರೀಮಂತರಾದವರು ಅವರು. 1890ರಲ್ಲಿ ಅವರು ನಗರದ ಮೇಲೆ ದಾವೆ ಹೂಡಿದರು. ವಾದ ಬಹಳ ಸರಳ: ಮುಂದಿನ ನೆಲ ತೆರೆದಿರುತ್ತದೆಂಬ ನಕ್ಷೆಯ ಮಾತಿನ ಮೇಲೆ ಈ ನಿವೇಶನಗಳು ಮಾರಾಟವಾಗಿವೆ, ಆ ಮಾತು ನಡೆಯಲಿ. ಸುಮಾರು ಇಪ್ಪತ್ತು ವರ್ಷ ವ್ಯಾಜ್ಯ ನಡೆಯಿತು. ಪತ್ರಿಕೆಗಳು ಅವರನ್ನು ಊರಿನ ಏಳಿಗೆಗೆ ಅಡ್ಡಗಾಲೆಂದು ಜರೆದವು. ಉದ್ಯಾನದ ನಡುವೆ ಏಳಬೇಕಾಗಿದ್ದ ಫೀಲ್ಡ್ ವಸ್ತುಸಂಗ್ರಹಾಲಯವನ್ನೂ ಅವರು ತಡೆದರು; ಅದು ಕಡೆಗೆ 1921ರಲ್ಲಿ ಬಾಗಿಲು ತೆರೆದದ್ದು ದಕ್ಷಿಣಕ್ಕೆ ಬೇರೆ ಜಾಗದಲ್ಲಿ. ಆರ್ಟ್ ಇನ್‌ಸ್ಟಿಟ್ಯೂಟ್ ಒಂದಕ್ಕೆ ಮಾತ್ರ ಅವರು ಅಡ್ಡಿ ಮಾಡಲಿಲ್ಲ. ತಮ್ಮ ಕಿಟಕಿಯ ನೋಟಕ್ಕಾಗಿ ಹೋರಾಡಿದರೇ? ಇದ್ದರೂ ಇರಬಹುದು. ಆದರೆ ಆ ನೋಟ ಇಂದು ದುಡ್ಡಿಲ್ಲದೆ ಎಲ್ಲರಿಗೂ ಸಿಗುತ್ತಿದೆ.

1913ರಲ್ಲಿ ವಾರ್ಡ್ ತೀರಿಕೊಂಡರು. ಮುಂದೆ ದಂಡೆಯ ಬೇರೆಡೆಗಳಲ್ಲಿ ಮತ್ತೆ ಒತ್ತಡ ಬಂತು. 1968ರ ವೇಳೆಗೆ ಒಂದು ಕಡೆ ಎಪ್ಪತ್ತು ಅಂತಸ್ತಿನ ಖಾಸಗಿ ವಸತಿ ಗೋಪುರ ಎದ್ದಿತು. ಬೆಂಕಿಗೆ ಆಹುತಿಯಾಗಿದ್ದ ಮೆಕಾರ್ಮಿಕ್ ಪ್ಲೇಸ್ ಎಂಬ ಭಾರಿ ಪ್ರದರ್ಶನ ಭವನವನ್ನು 1971ರಲ್ಲಿ ದಂಡೆಯ ಮೇಲೆಯೇ ಮತ್ತೆ ಕಟ್ಟಿದರು. ಜನ ಎಚ್ಚೆತ್ತರು. 1973ರಲ್ಲಿ ನಗರಸಭೆ ಸರೋವರದಂಡೆಯ ರಕ್ಷಣೆಗೆಂದೇ ಉಪವಿಧಿ ಮಾಡಿತು. ದಂಡೆಯ ವಲಯದಲ್ಲಿ ಏನು ಕಟ್ಟಬೇಕಾದರೂ ಯೋಜನಾ ಆಯೋಗದ ಒಪ್ಪಿಗೆ ಬೇಕು, ಅದಕ್ಕೆ ಮುಂಚೆ ಬಹಿರಂಗ ವಿಚಾರಣೆ ನಡೆಯಬೇಕು. ಹಿಂದೆ ಇದೇ ಸಭೆ ರೈಲು ಹಳಿಗೆ ಅನುಮತಿ ಕೊಟ್ಟಿತ್ತೆಂಬುದನ್ನು ಮರೆಯಬೇಡಿ. ಹಳೆಯ ಹಳಿಗಳ ಮೇಲ್ಭಾಗವನ್ನು ಮುಚ್ಚಿ ನಿರ್ಮಿಸಿದ ಮಿಲೆನಿಯಂ ಪಾರ್ಕ್ 2004ರಲ್ಲಿ ಜನರಿಗೆ ತೆರೆಯಿತು.

ದೂರದೇಶದ ಈ ವ್ಯಾಜ್ಯ ನಮಗೂ ಸಂಬಂಧಿಸಿದ್ದೇ. ಹಿಮಾಚಲದ ಬಿಯಾಸ್ ನದಿಯ ದಂಡೆಯನ್ನು ಒಂದು ಹೋಟೆಲಿಗೆ ಗುತ್ತಿಗೆ ಕೊಟ್ಟ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಡುವಾಗ 1892ರ ಆ ತೀರ್ಪನ್ನೇ ಆಧರಿಸಿತು. ಅದಕ್ಕೂ ಐದು ವರ್ಷ ಹಿಂದೆ ಬೆಂಗಳೂರಿನಿಂದಲೇ ಇಂಥ ನಕ್ಷೆಯ ಪ್ರಶ್ನೆಯೊಂದು ದೆಹಲಿಯವರೆಗೆ ಹೋಗಿತ್ತು. ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ವಾರ್ಡ್ ಅವರಿಗೆ ಬೇಕಾಗಿದ್ದ ಎದುರು ನಿವೇಶನದ ಹಕ್ಕುಪತ್ರ ಇಲ್ಲಿ ದೂರಿದವರಿಗೆ ಬೇಕಾಗಲಿಲ್ಲ. ಆ ಬಡಾವಣೆಯ ನಿವಾಸಿಗಳು ಎಂಬುದಷ್ಟೇ ಸಾಕಾಯಿತು.