ತಂತ್ರಾಂಶದಲ್ಲಿ ಸೌಲಭ್ಯ ಕೋರಿಕೆ

ಬಳಕೆಯಲ್ಲಿರುವ ತಂತ್ರಾಂಶಕ್ಕೆ ಹೊಸ ಅನುಕೂಲ ಸೇರಿಸುವಂತೆ ಅಥವಾ ಇರುವುದನ್ನು ಬದಲಿಸುವಂತೆ ಬಳಕೆದಾರರು ತಯಾರಕರಿಗೆ ಸಲ್ಲಿಸುವ ಮನವಿಯೇ ಸೌಲಭ್ಯ ಕೋರಿಕೆ. ಐಟಿ ವಲಯದವರ ಬಾಯಲ್ಲಿ ಇದು ಫೀಚರ್ ರಿಕ್ವೆಸ್ಟ್. ಹೇಳಿದ ಕೆಲಸವನ್ನು ತಂತ್ರಾಂಶ ಮಾಡದಿದ್ದರೆ ಅದು ದೋಷ. ಹೇಳದಿದ್ದ ಕೆಲಸವನ್ನೂ ಮಾಡಿಕೊಡಿ ಎಂದರೆ ಅದು ಕೋರಿಕೆ. ಈ ಗೆರೆ ಎಲ್ಲಿ ಬೀಳಬೇಕು ಎಂಬುದರ ಮೇಲೇ ಎರಡೂ ಕಡೆಯವರಿಗೆ ಹೆಚ್ಚು ತಕರಾರು.

ಕೋರಿಕೆಗಳು ಗ್ರಾಹಕ ಸೇವೆ, ಮಾರಾಟ ಸಿಬ್ಬಂದಿ, ಬಳಕೆದಾರರು ಮತ ಹಾಕುವ ಜಾಲತಾಣಗಳ ಮೂಲಕ ಬಂದು ಪ್ರಾಡಕ್ಟ್ ಮ್ಯಾನೇಜರ್ ಎದುರು ರಾಶಿ ಬೀಳುತ್ತವೆ. ಮೊಜಿಲ್ಲಾ ಯೋಜನೆಗಾಗಿ 1998ರಲ್ಲಿ ಬಂದ ಬಗ್‌ಜಿಲ್ಲಾ ಎಂಬ ದಾಖಲಾತಿ ತಂತ್ರಾಂಶ ಈ ರಾಶಿಯನ್ನು ಸಾರ್ವಜನಿಕರಿಗೂ ತೆರೆದಿಟ್ಟಿತು. ಅದರಲ್ಲಿ ತಿರಸ್ಕಾರಕ್ಕೂ ಒಂದು ಅಧಿಕೃತ ಮೊಹರು ಇದೆ: ವೋಂಟ್‌ಫಿಕ್ಸ್. ಈ ಮೊಹರು ಬಳಕೆದಾರರಿಗೆ ಸಿಟ್ಟು ತರಿಸುತ್ತದೆ ನಿಜ. ಆದರೆ ವರ್ಷಗಟ್ಟಲೆ ‘ಪರಿಶೀಲನೆಯಲ್ಲಿದೆ’ ಎಂದು ಕಾಯಿಸುವುದಕ್ಕಿಂತ ಅದೇ ಮೇಲು. ಆಗುವುದಿಲ್ಲ ಎಂದು ಗೊತ್ತಾದವರು ಬೇರೆ ದಾರಿ ನೋಡಿಕೊಳ್ಳಬಹುದು.

ಬೇಡ ಎನ್ನಲು ತಯಾರಕರಿಗೆ ಬಲವಾದ ಕಾರಣಗಳಿರುತ್ತವೆ. ಮೈಕ್ರೋಸಾಫ್ಟ್‌ನ ಸಿ-ಶಾರ್ಪ್ ಪ್ರೋಗ್ರಾಮಿಂಗ್ ಭಾಷೆಯ ತಂಡದಲ್ಲಿದ್ದ ಎರಿಕ್ ಗನ್ನರ್ಸನ್ 2004ರಲ್ಲಿ ಒಂದು ಲೆಕ್ಕ ಮುಂದಿಟ್ಟರು: ಪ್ರತಿ ಹೊಸ ಸೌಲಭ್ಯವೂ ಮೈನಸ್ 100 ಅಂಕದಿಂದ ಶುರುವಾಗುತ್ತದೆ, ಆ ಹಳ್ಳದಿಂದ ಮೇಲೆ ಬರುವಷ್ಟು ಪ್ರಯೋಜನ ತೋರಿಸಿದರೆ ಮಾತ್ರ ಅದಕ್ಕೆ ಜಾಗ. ಕೋಡ್ ಬರೆಯುವುದು ಖರ್ಚಿನ ಒಂದು ಪಾಲು ಮಾತ್ರ. ಪರೀಕ್ಷೆ, ಕೈಪಿಡಿ, ಅನುವಾದ, ಮುಂದಿನ ಎಲ್ಲ ಆವೃತ್ತಿಗಳಲ್ಲಿ ಅದನ್ನು ಸಲಹುವ ಹೊಣೆ ಬೆನ್ನಿಗೆ ಬರುತ್ತವೆ. ಇನ್ನೊಂದು ಕಾರಣ ಹಳೆಯ ಕಡತಗಳು. ಮೈಕ್ರೋಸಾಫ್ಟ್‌ನ ಲೆಕ್ಕಹಾಳೆ ತಂತ್ರಾಂಶ ಎಕ್ಸೆಲ್ 1900ನೇ ಇಸವಿಯನ್ನು ಅಧಿಕ ವರ್ಷವೆಂದು ಎಣಿಸಿ, ಎಂದೂ ಇರದಿದ್ದ ಫೆಬ್ರವರಿ 29ಕ್ಕೆ ತನ್ನ ದಿನಗಳ ಎಣಿಕೆಯಲ್ಲಿ 60ನೇ ಸಂಖ್ಯೆ ಕೊಡುತ್ತದೆ. ಲೋಟಸ್ 1-2-3 ತಂತ್ರಾಂಶದ ಕಡತಗಳಿಗೆ ಹೊಂದಿಕೊಳ್ಳಲು ಈ ತಪ್ಪನ್ನು ತಿಳಿದೇ ಉಳಿಸಿಕೊಳ್ಳಲಾಯಿತು. ಈಗ ಸರಿಪಡಿಸಿದರೆ ಲೆಕ್ಕವಿಲ್ಲದಷ್ಟು ಹಾಳೆಗಳ ದಿನಾಂಕಗಳು ಒಂದೊಂದು ದಿನ ಜರುಗುತ್ತವೆಂದು ಮೈಕ್ರೋಸಾಫ್ಟ್ ಕಾರಣ ಸಮೇತ ಬರೆದಿಟ್ಟಿದೆ.

ಅದೇ ಎಕ್ಸೆಲ್‌ನಲ್ಲಿ ವಂಶವಾಹಿ ವಿಜ್ಞಾನಿಗಳಿಗೆ ಎದುರಾದ ತೊಡಕು ಬೇರೆ ಪಾಠ ಹೇಳುತ್ತದೆ. ಮಾರ್ಚ್1, ಸೆಪ್ಟ್2, ಡೆಕ್1 ಎಂಬವು ಮಾನವ ವಂಶವಾಹಿಗಳಿಗಿದ್ದ ಸಂಕೇತಗಳು. ಇವನ್ನು ಚೌಕದಲ್ಲಿ ಟೈಪಿಸಿ ಎಂಟರ್ ಒತ್ತಿದರೆ ತಂತ್ರಾಂಶ ಕೇಳದೆಯೇ ಮಾರ್ಚ್ ಒಂದನೇ ತಾರೀಖು, ಸೆಪ್ಟೆಂಬರ್ ಎರಡನೇ ತಾರೀಖು ಎಂದು ಬದಲಿಸಿಬಿಡುತ್ತಿತ್ತು. ಚೌಕವನ್ನು ಆಮೇಲೆ ಪಠ್ಯವೆಂದು ಗುರುತಿಸಿದರೆ ಹಳೆಯ ಹೆಸರು ಮರಳದು, ದಿನಾಂಕದ ಕ್ರಮಸಂಖ್ಯೆ ಮಾತ್ರ ಸಿಗುತ್ತದೆ. ಸಂಶೋಧಕರು ಈ ಅಪಾಯವನ್ನು 2004ರಲ್ಲೇ ಪ್ರಕಟಿಸಿದ್ದರು. ಎಕ್ಸೆಲ್ ರೂಪದಲ್ಲಿ ವಂಶವಾಹಿಗಳ ಪಟ್ಟಿ ಜೋಡಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಇಂಥ ತಪ್ಪು ಹೊತ್ತಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕಡೆಗೆ ಸೋತವರು ವಿಜ್ಞಾನಿಗಳು. ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಹೆಸರುಗಳನ್ನೇ ತಿದ್ದಿ, 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಮಾರ್ಚ್1 ಈಗ ಮಾರ್ಚ್‌ಎಫ್1, ಸೆಪ್ಟ್1 ಈಗ ಸೆಪ್ಟಿನ್1.

ಸ್ವಯಂ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಕೊಟ್ಟದ್ದು 2023ರ ಅಕ್ಟೋಬರ್‌ನಲ್ಲಿ. ಸಂಖ್ಯೆಯ ಮುಂದಿನ ಸೊನ್ನೆ ಅಳಿಸುವುದನ್ನು ತಡೆಯುವ ಆಯ್ಕೆಯೂ ಅದರೊಟ್ಟಿಗೆ ಬಂತು. ಹೊಸದಾಗಿ ಎಕ್ಸೆಲ್ ತೆರೆಯುವವರಿಗೆ ಈಗಲೂ ಪರಿವರ್ತನೆ ಚಾಲೂ ಇರುತ್ತದೆ, ಬೇಡವಾದವರು ತಾವೇ ಆರಿಸಬೇಕು. ದಿನಾಂಕ ಬಯಸುವ ಲೆಕ್ಕಿಗರು ಬಹಳ, ವಂಶವಾಹಿ ಬರೆಯುವವರು ಕೊಂಚ ಎಂಬುದನ್ನು ಒಪ್ಪೋಣ. ಆದರೂ ಬಳಕೆದಾರ ಬರೆದದ್ದನ್ನು ಅವನಿಗೆ ತಿಳಿಸದೆ ಬದಲಿಸುವ ತಂತ್ರಾಂಶದಲ್ಲಿ ಅದನ್ನು ತಡೆಯುವ ಗುಂಡಿ ಮೊದಲ ದಿನವೇ ಇರಬೇಕಿತ್ತು. ಅಪಾಯ ಪ್ರಕಟವಾದ ಮೇಲಿನ ಹತ್ತೊಂಬತ್ತು ವರ್ಷದ ವಿಳಂಬಕ್ಕೆ ಯಾವ ಸಮರ್ಥನೆಯೂ ಸಾಲದು.

ನಿರಾಕರಣೆಯೇ ಒಂದು ಚಳವಳಿಗೆ ಬೀಜವಾದದ್ದೂ ಉಂಟು. ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಹಳೆಯ ಪ್ರಿಂಟರ್‌ನ ತಂತ್ರಾಂಶ ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆ ಸಂದೇಶ ಹೋಗುವಂತೆ ಮಾಡಿದ್ದರು. ಸುಮಾರು 1980ರಲ್ಲಿ ಬಂದ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್‌ಗೆ ಆಕರ ಕೋಡ್ ಸಿಗಲಿಲ್ಲ. ಕೋಡ್ ಇದ್ದವರೊಬ್ಬರು ಗೌಪ್ಯತೆಯ ಒಪ್ಪಂದ ಮುಂದೆ ಮಾಡಿ ಕೊಡಲು ಒಪ್ಪಲಿಲ್ಲ ಎಂದು ಸ್ಟಾಲ್‌ಮನ್ ಅವರೇ ಹೇಳಿಕೊಂಡಿದ್ದಾರೆ. 1983ರಲ್ಲಿ ಅವರು ಆಕರ ಕೋಡನ್ನು ಎಲ್ಲರಿಗೂ ತೆರೆದಿಡುವ ಗ್ನು ಯೋಜನೆ ಘೋಷಿಸಿದರು. ಇಂಥ ಮುಕ್ತ ತಂತ್ರಾಂಶದಲ್ಲಿ ಕೋರಿಕೆಗೆ ‘ನೀವೇ ಮಾಡಿ ಕಳಿಸಿ’ ಎಂಬ ಉತ್ತರವೂ ಬರಬಹುದು. ಕೋಡ್ ಬಾರದವರಿಗೆ ಅದು ಒರಟಾಗಿ ಕೇಳಿಸುತ್ತದೆ, ಆದರೆ ಬಾಗಿಲು ಮುಚ್ಚಿರುವುದಿಲ್ಲ. ಫೈರ್‌ಫಾಕ್ಸ್ ಮತ್ತು ಲಿಬ್ರೆ ಆಫೀಸ್ ಕನ್ನಡದಲ್ಲಿ ಸಿಗುವುದರ ಹಿಂದೆ ಸ್ವಯಂಸೇವಕರ ದುಡಿಮೆಯಿದೆ.

ಮಾರುಕಟ್ಟೆ ಚಿಕ್ಕದೆಂದು ಕಂಪನಿಗಳು ಎಣಿಸುವ ಭಾಷೆಗಳ ಸರದಿ ತಡವಾಗಿ ಬರುತ್ತದೆ. ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸತೊಡಗಿದ್ದು 2012ರ ಸಿಎಸ್6 ಆವೃತ್ತಿಯಿಂದ. ಅಷ್ಟರಲ್ಲಿ ಕನ್ನಡದ ಡಿಟಿಪಿ ಕೇಂದ್ರಗಳು ಪೇಜ್‌ಮೇಕರ್ ಮತ್ತು ಯೂನಿಕೋಡ್ ಅಲ್ಲದ ನುಡಿ, ಶ್ರೀಲಿಪಿ ಫಾಂಟ್‌ಗಳಿಗೆ ಒಗ್ಗಿಹೋಗಿದ್ದವು. ಹಾಗೆ ಟೈಪಾದ ಪುಟವನ್ನು ನೇರ ಜಾಲತಾಣಕ್ಕೆ ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಗೊಜಲು ಕಾಣುತ್ತದೆ.

ಉತ್ತರ ಬೇಗ ಬರಬೇಕಾದರೆ ಕೋರಿಕೆ ಬರೆಯುವ ಬಗೆಯೂ ಮುಖ್ಯ. ‘ಕನ್ನಡ ಸರಿ ಬರುತ್ತಿಲ್ಲ’ ಎಂಬ ಒಂದೇ ಸಾಲಿನಿಂದ ಬೇರೆ ದೇಶದ ಇಂಜಿನಿಯರ್‌ಗೆ ಏನೂ ತಿಳಿಯುವುದಿಲ್ಲ. ಅರ್ಕಾವತ್ತು ತಪ್ಪಿದ ಪದ, ಫಾಂಟ್‌ನ ಹೆಸರು, ತಂತ್ರಾಂಶದ ಆವೃತ್ತಿ, ತೆರೆಯ ಚಿತ್ರ, ಅದು ಕಾಣಬೇಕಿದ್ದ ರೂಪ, ಇಷ್ಟನ್ನೂ ಜೋಡಿಸಿ ಕಳಿಸಿ. ಅದೇ ತೊಡಕು ಈಗಾಗಲೇ ದಾಖಲಾಗಿದ್ದರೆ ಹೊಸದನ್ನು ತೆರೆಯದೆ ನಿಮ್ಮ ಉದಾಹರಣೆಯನ್ನು ಅದಕ್ಕೇ ಸೇರಿಸಿ.