ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರ್: ಮರ ಮತ್ತು ವಿನ್ಯಾಸ

ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರ್ ವಿದ್ಯುತ್ತಿನ ನೆರವಿಲ್ಲದೆ, ಟೊಳ್ಳಾದ ಮರದ ಒಡಲಿನ ಕಂಪನದಿಂದಲೇ ನಾದ ಹೊರಡಿಸುವ ತಂತಿವಾದ್ಯ. ಜನಪದ, ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಮತ್ತು ಪಾಪ್ ಸಂಗೀತ ಪ್ರಕಾರಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಈ ವಾದ್ಯದ ನಾದಗುಣವನ್ನು ಮುಖ್ಯವಾಗಿ ನಾಲ್ಕು ಅಂಶಗಳು ರೂಪಿಸುತ್ತವೆ: ಮುಂಹಲಗೆಯ ಮರ, ಅದರ ಒಳಬದಿಗೆ ಅಂಟಿಸುವ ಆಧಾರಪಟ್ಟಿಗಳ ಜೋಡಣೆ, ಒಡಲಿನ ಆಕಾರ ಹಾಗೂ ಹಿಂಹಲಗೆ ಮತ್ತು ಪಕ್ಕೆಗಳ ಮರ. ಇವುಗಳಲ್ಲಿ ಕೊನೆಯ ಅಂಶಕ್ಕೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆಯಿದೆ. ಆದರೆ ನಾದದ ಮೇಲೆ ಹೆಚ್ಚಿನ ಪ್ರಭಾವ ಬೀರುವುದು ಮೊದಲ ಮೂರು ಅಂಶಗಳು.

ರಚನೆ ಮತ್ತು ಕಾರ್ಯವಿಧಾನ

ಮೀಟಿದ ತಂತಿಯು ಸ್ವತಃ ಬಹಳ ಕಡಿಮೆ ಗಾಳಿಯನ್ನು ಚಲಿಸಬಲ್ಲದು. ಅದರ ಕಂಪನವು ಕುದುರೆಯ ಮೂಲಕ ತೆಳುವಾದ ಮುಂಹಲಗೆಗೆ ತಲುಪುತ್ತದೆ. ಅಗಲವಾದ ಆ ಹಲಗೆ ಕಂಪಿಸಿದಾಗ ಸುತ್ತಲಿನ ಗಾಳಿಯೂ ಒಡಲಿನೊಳಗಿನ ಗಾಳಿಯೂ ಕಂಪಿಸಿ ಧ್ವನಿ ಕೇಳಿಸುತ್ತದೆ. ಒಳಗಿನ ಗಾಳಿಗೆ ತನ್ನದೇ ಆದ ಅನುರಣನ ಆವರ್ತನವಿರುತ್ತದೆ. ದೊಡ್ಡ ಒಡಲಿನ ಗಿಟಾರಿನಲ್ಲಿ ಇದು ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ವಾದ್ಯದ ಅತ್ಯಂತ ಕೆಳಗಿನ ಸ್ವರದ ಆವರ್ತನ ಸುಮಾರು 82 ಹರ್ಟ್ಸ್ ಆಗಿರುವುದರಿಂದ, ಮಂದ್ರ ಸ್ವರಗಳಿಗೆ ಈ ಅನುರಣನವೇ ಪುಷ್ಟಿ ನೀಡುತ್ತದೆ.

ಹಗುರ ಗಾತ್ರದ ಆರು ಉಕ್ಕಿನ ತಂತಿಗಳು ಶ್ರುತಿಗೊಂಡಾಗ ಒಟ್ಟಾರೆ ಸುಮಾರು 70ರಿಂದ 75 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತವನ್ನು ಉಂಟುಮಾಡುತ್ತವೆ. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರಿನಲ್ಲಿ ಇರುವ ಎಳೆತಕ್ಕಿಂತ ಇದು ಬಹಳ ಹೆಚ್ಚು. ಮುಂಹಲಗೆಯು ಈ ಎಳೆತಕ್ಕೆ ಕುಸಿಯದಷ್ಟು ಗಟ್ಟಿಯಾಗಿಯೂ, ಸುಲಭವಾಗಿ ಕಂಪಿಸುವಷ್ಟು ಹಗುರವಾಗಿಯೂ ಇರಬೇಕು. ಗಿಟಾರ್ ವಿನ್ಯಾಸದ ಬಹುತೇಕ ನಿರ್ಧಾರಗಳು ಪರಸ್ಪರ ವಿರುದ್ಧವಾದ ಈ ಎರಡು ಅಗತ್ಯಗಳನ್ನು ಹೊಂದಿಸುವ ಪ್ರಯತ್ನಗಳೇ ಆಗಿವೆ.

ಇತಿಹಾಸ

ಜರ್ಮನಿಯ ಮಾರ್ಕ್‌ನೋಯ್‌ಕಿರ್ಶನ್‌ನಲ್ಲಿ 1796ರಲ್ಲಿ ಜನಿಸಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿಗೆ ವಲಸೆ ಹೋಗಿ ಗಿಟಾರ್ ತಯಾರಿಕೆ ಆರಂಭಿಸಿದರು. ಅವರ ಸಂಸ್ಥೆ ಮುಂದೆ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆಗೊಂಡಿತು. ಮಾರ್ಟಿನ್ ಹಾಗೂ ಅವರ ಸಮಕಾಲೀನ ತಯಾರಕರು 1840ರ ದಶಕದಲ್ಲಿ, ಎರಡು ಮುಖ್ಯ ಆಧಾರಪಟ್ಟಿಗಳು ಒಂದನ್ನೊಂದು ಅಡ್ಡ ಹಾಯುವ ‘ಎಕ್ಸ್’ ಜೋಡಣೆಯನ್ನು ರೂಢಿಗೆ ತಂದರು. ಆಗಿನ ಗಿಟಾರುಗಳಿಗೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳನ್ನು ಕಟ್ಟಲಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಕ್ಕಿನ ತಂತಿಗಳು ಪ್ರಚಾರಕ್ಕೆ ಬಂದಾಗ, ಅವುಗಳ ಹೆಚ್ಚಿನ ಎಳೆತವನ್ನು ತಾಳಿಕೊಳ್ಳಲು ಈ ಹಳೆಯ ಜೋಡಣೆಯೇ ತಕ್ಕುದೆಂದು ತಿಳಿದುಬಂದಿತು.

ಮಿಷಿಗನ್ ರಾಜ್ಯದ ಕಲಮಜೂವಿನಲ್ಲಿ 1902ರಲ್ಲಿ ಸ್ಥಾಪನೆಯಾದ ಗಿಬ್ಸನ್ ಸಂಸ್ಥೆಯು 1920ರ ದಶಕದ ಆರಂಭದಲ್ಲಿ ದಂಡಿಯೊಳಗೆ ಉಕ್ಕಿನ ಸರಳನ್ನು ಅಳವಡಿಸತೊಡಗಿತು. ಇದನ್ನು ತಿರುಗಿಸಿ ದಂಡಿಯ ಬಾಗನ್ನು ಸರಿಪಡಿಸಬಹುದು. ಇಂದಿನ ಬಹುತೇಕ ಗಿಟಾರುಗಳಲ್ಲಿ ಇಂತಹ ಸರಳು ಇರುತ್ತದೆ.

ಮುಂಹಲಗೆಯ ಮರಗಳು

ಮುಂಹಲಗೆಗೆ ಹಗುರವಾಗಿದ್ದೂ ಸುಲಭವಾಗಿ ಬಾಗದ ಮರ ಬೇಕು. ಶೀತಪ್ರದೇಶಗಳಲ್ಲಿ ನಿಧಾನವಾಗಿ ಬೆಳೆಯುವ ಸೂಚಿಪರ್ಣಿ ಮರಗಳಲ್ಲಿ ಈ ಗುಣ ಹೆಚ್ಚು. ಎಳೆಗಳು ಹಲಗೆಯ ಮೇಲ್ಮೈಗೆ ಲಂಬವಾಗಿ ನಿಲ್ಲುವಂತೆ ದಿಮ್ಮಿಯನ್ನು ಕೊಯ್ದು, ಹಲಗೆಯನ್ನು ಪುಸ್ತಕದಂತೆ ಎರಡಾಗಿ ಬಿಡಿಸಿ ನಡುವೆ ಅಂಟಿಸಲಾಗುತ್ತದೆ. ಸಿದ್ಧವಾದ ಹಲಗೆಯ ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ.

• ಸಿಟ್ಕಾ ಸ್ಪ್ರೂಸ್: ಅಲಾಸ್ಕಾ ಮತ್ತು ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ಮರ. ಸಾಂದ್ರತೆ ಘನ ಮೀಟರಿಗೆ ಸುಮಾರು 425 ಕಿಲೋಗ್ರಾಂ. ಮೆಲುವಾದ ಮೀಟಿಗೂ ಬಿರುಸಾದ ಮೀಟಿಗೂ ಸಮನಾಗಿ ಸ್ಪಂದಿಸುವುದರಿಂದ ಇದು ಅತ್ಯಂತ ಸಾಮಾನ್ಯ ಆಯ್ಕೆಯಾಗಿದೆ.
• ಆಡಿರೊಂಡ್ಯಾಕ್ ಸ್ಪ್ರೂಸ್: ಅಮೆರಿಕದ ಪೂರ್ವಭಾಗದ್ದು. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಪ್ರಸಿದ್ಧ ಗಿಟಾರುಗಳಲ್ಲಿ ಬಳಕೆಯಾಗಿತ್ತು. ಬಿರುಸಾಗಿ ನುಡಿಸಿದಾಗಲೂ ಸ್ವರದ ಸ್ಪಷ್ಟತೆ ಕೆಡುವುದಿಲ್ಲವೆಂಬ ಹೆಸರು ಇದಕ್ಕಿದೆ.
• ಎಂಗಲ್‌ಮನ್ ಸ್ಪ್ರೂಸ್: ಸಿಟ್ಕಾಗಿಂತ ಹಗುರ. ಮೃದುವಾಗಿ ನುಡಿಸುವವರು ಇದನ್ನು ಮೆಚ್ಚುತ್ತಾರೆ.
• ವೆಸ್ಟರ್ನ್ ರೆಡ್ ಸೀಡರ್: ಸಾಂದ್ರತೆ ಸುಮಾರು 370 ಕಿಲೋಗ್ರಾಂ. ಬೆರಳಿನ ಮೆಲುವಾದ ಮೀಟಿಗೂ ಬೇಗ ಸ್ಪಂದಿಸುತ್ತದೆ. ಮರ ಮೆದುವಾದ್ದರಿಂದ ಗೀರು, ತಗ್ಗುಗಳು ಬೇಗ ಬೀಳುತ್ತವೆ.
• ಮಹೋಗನಿ: ಕೆಲವು ಗಿಟಾರುಗಳಲ್ಲಿ ಮುಂಹಲಗೆಗೂ ಬಳಕೆಯಾಗುತ್ತದೆ. ಮಧ್ಯ ಸ್ವರಗಳು ಮುಂದಾಗಿ ಕೇಳುವ, ಸರಳವಾದ ನಾದ ಇದರದು.

ಒಂದೇ ಜಾತಿಯ ಎರಡು ಮರಗಳ ನಡುವೆ, ಒಂದೇ ದಿಮ್ಮಿಯ ಎರಡು ಹಲಗೆಗಳ ನಡುವೆಯೂ ಬಿಗಿತದಲ್ಲಿ ವ್ಯತ್ಯಾಸವಿರುತ್ತದೆ. ಆದ್ದರಿಂದ ನುರಿತ ತಯಾರಕರು ಪ್ರತಿ ಹಲಗೆಯನ್ನೂ ಬಾಗಿಸಿ, ಬೆರಳಿನಿಂದ ತಟ್ಟಿ ನೋಡಿ ಅದಕ್ಕೆ ತಕ್ಕಂತೆ ದಪ್ಪವನ್ನು ಹೊಂದಿಸುತ್ತಾರೆ.

ಆಧಾರಪಟ್ಟಿಗಳು

ಆಧಾರಪಟ್ಟಿಗಳು ಮುಂಹಲಗೆಯನ್ನು ಕುಸಿಯದಂತೆ ಹಿಡಿದಿಡುವುದರ ಜೊತೆಗೆ ಅದರ ಯಾವ ಭಾಗ ಎಷ್ಟು ಕಂಪಿಸಬೇಕೆಂಬುದನ್ನೂ ನಿರ್ಧರಿಸುತ್ತವೆ. ಪಟ್ಟಿಗಳ ನಡುಭಾಗವನ್ನು ಕಮಾನಿನಂತೆ ಕೆತ್ತಿ ತೆಳುಗೊಳಿಸಿದರೆ ಹಲಗೆ ಹಗುರವಾಗಿ ಮಂದ್ರ ಸ್ವರಗಳು ತುಂಬಿಬರುತ್ತವೆ. ದಪ್ಪ ತಂತಿಗಳ ಬಳಕೆ ಹೆಚ್ಚಿದಂತೆ ಮಾರ್ಟಿನ್ ಸಂಸ್ಥೆಯು 1944ರಲ್ಲಿ ಈ ಕೆತ್ತನೆಯನ್ನು ಕೈಬಿಟ್ಟಿತು. ಅದಕ್ಕೆ ಮೊದಲಿನ ವಾದ್ಯಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚಿರಲು ಇದೂ ಒಂದು ಕಾರಣ. ಟೇಲರ್ ಸಂಸ್ಥೆಯು 2018ರಲ್ಲಿ ಎಕ್ಸ್ ಜೋಡಣೆಗೆ ಬದಲಾಗಿ ‘ವಿ’ ಆಕಾರದ ಜೋಡಣೆಯನ್ನು ಪರಿಚಯಿಸಿತು.

ಒಡಲಿನ ಆಕಾರಗಳು

• ಪಾರ್ಲರ್: ಕಿರಿದಾದ ಒಡಲು. ಮಂದ್ರ ಸ್ವರಗಳ ಬಲ ಕಡಿಮೆ. ಮಧ್ಯ ಸ್ವರಗಳು ಸ್ಪಷ್ಟ.
• ಆರ್ಕೆಸ್ಟ್ರಾ ಮಾದರಿ: ಮಾರ್ಟಿನ್ ಸಂಸ್ಥೆಯಿಂದ 1929ರಲ್ಲಿ ಆರಂಭವಾಯಿತು. ಕೆಳಭಾಗದ ಅಗಲ ಸುಮಾರು 38 ಸೆಂಟಿಮೀಟರ್. ಎಲ್ಲ ಸ್ಥಾಯಿಗಳೂ ಸಮತೋಲದಲ್ಲಿರುವುದರಿಂದ ಬೆರಳುಗಳಿಂದ ನುಡಿಸುವವರಿಗೆ ಹೊಂದುತ್ತದೆ.
• ಡ್ರೆಡ್‌ನಾಟ್: ಬ್ರಿಟಿಷ್ ನೌಕಾಪಡೆಯ ಯುದ್ಧನೌಕೆಯೊಂದರ ಹೆಸರನ್ನು ಪಡೆದಿದೆ. ಮಾರ್ಟಿನ್ ಸಂಸ್ಥೆಯು 1916ರಲ್ಲಿ ಬಾಸ್ಟನ್ನಿನ ಆಲಿವರ್ ಡಿಟ್ಸನ್ ಕಂಪನಿಗಾಗಿ ಇದನ್ನು ಮೊದಲು ತಯಾರಿಸಿತು. 1931ರಿಂದ ತನ್ನ ಹೆಸರಿನಲ್ಲೇ ಮಾರತೊಡಗಿತು. ಅಗಲ ಸುಮಾರು 40 ಸೆಂಟಿಮೀಟರ್, ಆಳ 12 ಸೆಂಟಿಮೀಟರಿಗೂ ಹೆಚ್ಚು. ಮಂದ್ರ ಸ್ವರಗಳ ಬಲದಿಂದಾಗಿ ಹಾಡುಗಾರಿಕೆಯ ಜೊತೆಗೂ ಬ್ಲೂಗ್ರಾಸ್ ಸಂಗೀತಕ್ಕೂ ಪ್ರಿಯವಾಯಿತು.
• ಜಂಬೋ: ಗಿಬ್ಸನ್ ಸಂಸ್ಥೆಯು 1930ರ ದಶಕದ ಕೊನೆಯಲ್ಲಿ ತಂದ ದೊಡ್ಡ, ದುಂಡನೆಯ ಒಡಲು. ಅಗಲ ಸುಮಾರು 43 ಸೆಂಟಿಮೀಟರ್.

ದಂಡಿಯು ಒಡಲನ್ನು ಹನ್ನೆರಡನೆಯ ಫ್ರೆಟ್ಟಿನಲ್ಲಿ ಸೇರುತ್ತದೆಯೋ ಹದಿನಾಲ್ಕನೆಯ ಫ್ರೆಟ್ಟಿನಲ್ಲಿ ಸೇರುತ್ತದೆಯೋ ಎಂಬುದೂ ಮುಖ್ಯ. ಮೊದಲ ವಿಧದಲ್ಲಿ ಕುದುರೆಯು ಕೆಳಭಾಗದ ನಡುವಿಗೆ ಹತ್ತಿರ ಬಂದು ನಾದ ತುಂಬಿಕೊಳ್ಳುತ್ತದೆ. ಎರಡನೆಯದರಲ್ಲಿ ತಾರ ಸ್ವರಗಳಿಗೆ ಬೆರಳು ಸುಲಭವಾಗಿ ತಲುಪುತ್ತದೆ. ತಂತಿಯ ಕಂಪಿಸುವ ಭಾಗ ಮಾರ್ಟಿನ್ ಡ್ರೆಡ್‌ನಾಟ್‌ಗಳಲ್ಲಿ ಸುಮಾರು 645 ಮಿಲಿಮೀಟರ್ ಉದ್ದವಿದ್ದರೆ, ಗಿಬ್ಸನ್ನಿನ ಅನೇಕ ಮಾದರಿಗಳಲ್ಲಿ ಸುಮಾರು 629 ಮಿಲಿಮೀಟರ್ ಇರುತ್ತದೆ. ಉದ್ದ ಕಡಿಮೆಯಾದಷ್ಟೂ ಎಳೆತ ಕಡಿಮೆಯಾಗಿ ತಂತಿಯನ್ನು ಒತ್ತುವುದು ಹಗುರವಾಗುತ್ತದೆ.

ಹಿಂಹಲಗೆ ಮತ್ತು ಪಕ್ಕೆಗಳ ಮರಗಳು

ಈ ಭಾಗಗಳಿಗೆ ಸಾಮಾನ್ಯವಾಗಿ ಅಗಲ ಎಲೆಯ ಗಟ್ಟಿಮರಗಳನ್ನು ಬಳಸಲಾಗುತ್ತದೆ. ಕನ್ನಡದಲ್ಲಿ ಬೀಟೆ ಎಂದು ಕರೆಯಲಾಗುವ ಭಾರತೀಯ ರೋಸ್‌ವುಡ್ ಕರ್ನಾಟಕ, ಕೇರಳ ಮತ್ತು ತಮಿಳುನಾಡಿನ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುತ್ತದೆ. ಮೈಸೂರಿನ ಮರದ ಕೆತ್ತುಕೂರಿಕೆಯ ಕಲೆಗೂ ಇದೇ ಮರ ಆಧಾರ. ಘನ ಮೀಟರಿಗೆ ಸುಮಾರು 830 ಕಿಲೋಗ್ರಾಂ ತೂಗುವ ಬೀಟೆಯಲ್ಲಿ ಕಂಪನ ಬೇಗ ಆರುವುದಿಲ್ಲ. ಬ್ರೆಜಿಲ್ ದೇಶದ ರೋಸ್‌ವುಡ್ ವಿರಳವಾದಾಗ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಭಾರತೀಯ ಬೀಟೆಗೆ ಬದಲಾಯಿತು.

ಸುಮಾರು 590 ಕಿಲೋಗ್ರಾಂ ಸಾಂದ್ರತೆಯ ಮಹೋಗನಿಯ ನಾದ ನೇರವೂ ಶುಷ್ಕವೂ ಆಗಿರುತ್ತದೆಂದು ವರ್ಣಿಸುವುದುಂಟು. ಮೇಪಲ್ ಮರದಲ್ಲಿ ಸ್ವರಗಳು ಬೇಗ ತಣಿದು ಬಿಡಿಬಿಡಿಯಾಗಿ ಕೇಳುತ್ತವೆ ಎನ್ನಲಾಗುತ್ತದೆ. ಹವಾಯಿಯ ಕೋವಾ, ಆಫ್ರಿಕಾದ ಸಪೇಲೆ, ಅಮೆರಿಕದ ವಾಲ್ನಟ್ ಕೂಡ ಬಳಕೆಯಲ್ಲಿವೆ. ಮಾರ್ಟಿನ್ ಸಂಸ್ಥೆಯ ಮಹೋಗನಿಯ ಡಿ-18 ಮತ್ತು ರೋಸ್‌ವುಡ್‌ನ ಡಿ-28 ಮಾದರಿಗಳನ್ನು ಈ ಹೋಲಿಕೆಗೆ ಪದೇ ಪದೇ ಉದಾಹರಿಸಲಾಗುತ್ತದೆ.

ಅಗ್ಗದ ಗಿಟಾರುಗಳಲ್ಲಿ ಘನ ಮರದ ಬದಲು ಪದರಗಳನ್ನು ಅಂಟಿಸಿದ ಹಲಗೆಯಿರುತ್ತದೆ. ಇದು ಹವೆಯ ಬದಲಾವಣೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಹಿಂಭಾಗದಲ್ಲಿ ಇದರಿಂದ ಆಗುವ ನಷ್ಟ ಕಡಿಮೆ. ಮುಂಹಲಗೆಯಲ್ಲಿ ಬಳಸಿದರೆ ಕಂಪನ ಕುಗ್ಗಿ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಆದ್ದರಿಂದ ಕಡಿಮೆ ಬೆಲೆಯ ವಾದ್ಯವನ್ನು ಆರಿಸುವಾಗ ಮುಂಹಲಗೆ ಘನ ಮರದ್ದೇ ಎಂಬುದನ್ನು ಮೊದಲು ಗಮನಿಸಲಾಗುತ್ತದೆ.

ನಂಬಿಕೆ ಮತ್ತು ಪರೀಕ್ಷೆ

ಟೇಲರ್ ಸಂಸ್ಥೆಯ ಸಹಸಂಸ್ಥಾಪಕ ಬಾಬ್ ಟೇಲರ್ 1995ರಲ್ಲಿ, ಸರಕು ಸಾಗಣೆಗೆ ಬಳಸಿದ್ದ ಹಳೆಯ ಓಕ್ ಹಲಗೆಗಳಿಂದ ಹಿಂಭಾಗ ಮತ್ತು ಪಕ್ಕೆಗಳನ್ನು ಮಾಡಿ ಒಂದು ಗಿಟಾರನ್ನು ತಯಾರಿಸಿದರು. ಉತ್ತಮ ವಾದ್ಯಕ್ಕೆ ದುಬಾರಿ ಮರಕ್ಕಿಂತ ತಯಾರಕನ ಕೌಶಲ ಮುಖ್ಯವೆಂದು ತೋರಿಸುವುದು ಇದರ ಉದ್ದೇಶವಾಗಿತ್ತು.

ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಇದೇ ಪ್ರಶ್ನೆಯನ್ನು ಪ್ರಯೋಗಕ್ಕೆ ಒಳಪಡಿಸಿತು. ತಯಾರಕ ರೋಜರ್ ಬಕ್ನಾಲ್ ಆರು ಗಿಟಾರುಗಳನ್ನು ಹಿಂಹಲಗೆ ಮತ್ತು ಪಕ್ಕೆಗಳ ಮರವೊಂದನ್ನುಳಿದು ಮಿಕ್ಕೆಲ್ಲ ಸಾಧ್ಯವಾದಷ್ಟು ಒಂದೇ ಆಗಿರುವಂತೆ ನಿರ್ಮಿಸಿದರು. ಬ್ರೆಜಿಲ್ ರೋಸ್‌ವುಡ್, ಭಾರತೀಯ ಬೀಟೆ, ಮಹೋಗನಿ, ಮೇಪಲ್, ಸಪೇಲೆ ಮತ್ತು ವಾಲ್ನಟ್ ಇವೇ ಆ ಆರು ಮರಗಳು. ಮಂದ ಬೆಳಕಿನಲ್ಲಿ, ಬೆಸುಗೆ ಹಾಕುವವರ ಕಪ್ಪು ಕನ್ನಡಕ ಧರಿಸಿ 52 ಗಿಟಾರ್ ವಾದಕರು ಅವುಗಳನ್ನು ನುಡಿಸಿ ಅಂಕ ನೀಡಿದರು. ಆರೂ ವಾದ್ಯಗಳಿಗೆ ಹೆಚ್ಚುಕಡಿಮೆ ಒಂದೇ ಮಟ್ಟದ ಅಂಕಗಳು ಬಂದವು. ದುಬಾರಿ ಮರ ಉತ್ತಮವೆಂಬ ನಂಬಿಕೆಗೆ ಈ ಫಲಿತಾಂಶ ಬೆಂಬಲ ನೀಡಲಿಲ್ಲ. ಅಧ್ಯಯನವು ಹಿಂಭಾಗದ ಮರಕ್ಕೆ ಮಾತ್ರ ಸಂಬಂಧಿಸಿದ್ದು, ಮುಂಹಲಗೆಯ ಮರಕ್ಕೆ ಅನ್ವಯಿಸುವುದಿಲ್ಲ.

ಸಂರಕ್ಷಣೆ ಮತ್ತು ಕಾನೂನು

ಈ ನಂಬಿಕೆಯ ಪರಿಣಾಮ ವಾದ್ಯದ ಬೆಲೆಗಷ್ಟೇ ಸೀಮಿತವಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 1992ರಲ್ಲಿ ಬ್ರೆಜಿಲ್ ರೋಸ್‌ವುಡ್ಡನ್ನು ಅತ್ಯಂತ ಕಟ್ಟುನಿಟ್ಟಾದ ಮೊದಲನೆಯ ಅನುಬಂಧಕ್ಕೆ ಸೇರಿಸಿತು. ಅಮೆರಿಕದ ದೊಡ್ಡ ಎಲೆಯ ಮಹೋಗನಿಯ ಮೇಲಿನ ಎರಡನೆಯ ಅನುಬಂಧದ ನಿಯಂತ್ರಣ 2003ರಲ್ಲಿ ಜಾರಿಗೆ ಬಂದಿತು. ಬೀಟೆಯೂ ಸೇರಿದಂತೆ ಆ ಕುಲದ ಉಳಿದೆಲ್ಲ ಮರಗಳು 2017ರ ಜನವರಿಯಲ್ಲಿ ಎರಡನೆಯ ಅನುಬಂಧಕ್ಕೆ ಒಳಪಟ್ಟವು. ಸಿದ್ಧ ವಾದ್ಯಗಳ ಸಾಗಣೆಗೂ ಪರವಾನಗಿ ಬೇಕಾದದ್ದರಿಂದ ಸಂಗೀತಗಾರರೂ ತಯಾರಕರೂ ತೊಂದರೆಗೊಳಗಾದರು. 2019ರಲ್ಲಿ ಎರಡನೆಯ ಅನುಬಂಧದ ರೋಸ್‌ವುಡ್ ಬಳಸಿದ ಸಿದ್ಧ ಸಂಗೀತವಾದ್ಯಗಳಿಗೆ ವಿನಾಯಿತಿ ನೀಡಲಾಯಿತು. ಬ್ರೆಜಿಲ್ ರೋಸ್‌ವುಡ್‌ನ ನಿರ್ಬಂಧ ಮುಂದುವರಿದಿದೆ.

ಬೀಟೆಯು ಪಕ್ವವಾಗಲು ಹಲವು ದಶಕಗಳು ಬೇಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಲಾಗಿದೆ. ಈ ಹಿನ್ನೆಲೆಯಲ್ಲಿ ಅನೇಕ ತಯಾರಕರು ಸಪೇಲೆ, ವಾಲ್ನಟ್, ಮೇಪಲ್ ಮೊದಲಾದ ಮರಗಳತ್ತ ಹಾಗೂ ಪದರ ಹಲಗೆ ಮತ್ತು ಇಂಗಾಲದ ನಾರಿನಂತಹ ಕೃತಕ ಸಾಮಗ್ರಿಗಳತ್ತ ಹೊರಳಿದ್ದಾರೆ.