ಬಿಡಿಭಾಗಗಳ ಜಾಗಕ್ಕೆ ಪುಟ್ಟ ಚಿಪ್: ಸಂಕೇತ ಉತ್ಪಾದನೆ ಈಗ ಸರಳ

ಮೈಸೂರು: ಹೂಟಗಳ್ಳಿ, ಹೆಬ್ಬಾಳ, ಬೆಳವಾಡಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರದ ವೇಗಮಾಪಕವನ್ನೋ ನಿಯಂತ್ರಣ ಫಲಕವನ್ನೋ ದುರಸ್ತಿ ಮಾಡುವವರಿಗೆ ಪದೇ ಪದೇ ಎದುರಾಗುವ ಅಗತ್ಯ ಒಂದಿದೆ. ಯಂತ್ರವನ್ನು ಓಡಿಸದೆಯೇ, ಅದು ಓಡುತ್ತಿರುವಾಗ ಬರುವಂತಹ ವಿದ್ಯುತ್ ಸಂಕೇತವನ್ನು ಮೇಜಿನ ಮೇಲೆಯೇ ಸೃಷ್ಟಿಸಬೇಕು. ಹಿಂದೆ ಇದಕ್ಕೆ ಹಲವು ಬಿಡಿಭಾಗಗಳ ಮಂಡಲ ಬೇಕಿತ್ತು. ಇಂದು ಬೆರಳ ತುದಿಯ ಮೇಲೆ ಕೂರುವ ಮೈಕ್ರೋಕಂಟ್ರೋಲರ್ ಚಿಪ್ ಈ ಕೆಲಸದ ಬಹುಪಾಲನ್ನು ಮಾಡಬಲ್ಲದು.

ಹಳೆಯ ವಿಧಾನ

ಹಾನ್ಸ್ ಕಮೆಂಜಿಂಡ್ ವಿನ್ಯಾಸಗೊಳಿಸಿದ 555 ಟೈಮರ್ 1970ರ ದಶಕದ ಆರಂಭದಿಂದಲೂ ಈ ಕ್ಷೇತ್ರದ ಆಸರೆ. ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಜೋಡಿಸಿದರೆ ಪಲ್ಸ್‌ಗಳು ಹೊರಬರುತ್ತವೆ. 1 ಕಿಲೋ ಓಮ್ ಹಾಗೂ 10 ಕಿಲೋ ಓಮ್ ರೆಸಿಸ್ಟರ್‌ಗಳೊಂದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬಳಸಿದರೆ ಆವೃತ್ತಿ ಸುಮಾರು 686 ಹರ್ಟ್ಸ್. ಆದರೆ ಕೆಪಾಸಿಟರ್‌ನ ಮೌಲ್ಯ ಶೇ 10ರಷ್ಟು ಹೆಚ್ಚಿದ್ದರೆ ಅದೇ ಮಂಡಲ 623 ಹರ್ಟ್ಸ್‌ಗೆ ಇಳಿಯುತ್ತದೆ. ಉಷ್ಣಾಂಶ ಬದಲಾದರೂ ಭಾಗಗಳು ಹಳತಾದರೂ ಲೆಕ್ಕ ತಪ್ಪುತ್ತದೆ. ಸಂಕೇತದ ಸ್ವರೂಪ ಬದಲಿಸಬೇಕೆಂದರೆ ಬೆಸುಗೆ ಬಿಚ್ಚುವುದು ಅನಿವಾರ್ಯ.

ತಂತ್ರಾಂಶದ ಅನುಕೂಲ

ಮೈಕ್ರೋಕಂಟ್ರೋಲರ್‌ನಲ್ಲಿ ಕಾಲವನ್ನು ಅಳೆಯುವುದು ಗಡಿಯಾರದ ಎಣಿಕೆ. ಕ್ರಿಸ್ಟಲ್ ಜೋಡಿಸಿದರೆ ದೋಷ ದಶಲಕ್ಷದಲ್ಲಿ ಕೆಲವು ಹತ್ತರಷ್ಟು ಭಾಗ ಮಾತ್ರ. ಚಿಪ್‌ನೊಳಗಿನ ಗಡಿಯಾರವನ್ನೇ ನಂಬಿದರೆ ಈ ನಿಖರತೆ ಸಿಗದು. ಎಂಟು ಕಾಲಿನ ಅಟ್ಟೈನಿ 85 ಚಿಪ್‌ನ ಒಳ ಗಡಿಯಾರದಲ್ಲಿ ಕಾರ್ಖಾನೆಯ ಹೊಂದಾಣಿಕೆಯ ನಂತರವೂ ಶೇ 10ರವರೆಗೆ ವ್ಯತ್ಯಾಸ ಇರಬಹುದು.

ವಾಹನದ ಎಂಜಿನ್ ನಿಯಂತ್ರಣ ಘಟಕದ ಪರೀಕ್ಷೆ ಇದಕ್ಕೆ ಉತ್ತಮ ಉದಾಹರಣೆ. ಅನೇಕ ಎಂಜಿನ್‌ಗಳ ಸಂವೇದಕ ಚಕ್ರದಲ್ಲಿ 60 ಹಲ್ಲುಗಳ ಸ್ಥಾನವಿದ್ದು, ಎರಡನ್ನು ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗದಿಂದಲೇ ಚಕ್ರದ ಸ್ಥಾನ ಗುರುತಾಗುತ್ತದೆ. ನಿಮಿಷಕ್ಕೆ 1,500 ಸುತ್ತಿನ ವೇಗದಲ್ಲಿ ಹಲ್ಲುಗಳ ಆವೃತ್ತಿ 1,500 ಹರ್ಟ್ಸ್. 58 ಪಲ್ಸ್, ನಂತರ ಎರಡರ ಬಿಡುವು ಎಂಬ ಈ ಕ್ರಮವನ್ನು 555ರಿಂದ ಪಡೆಯಲು ಎಣಿಕೆಯ ಹೆಚ್ಚುವರಿ ಚಿಪ್‌ಗಳು ಬೇಕು. ಮೈಕ್ರೋಕಂಟ್ರೋಲರ್‌ಗೆ ಕೆಲವೇ ಸಾಲುಗಳ ಪ್ರೋಗ್ರಾಂ ಸಾಕು. ಚಕ್ರದ ವಿನ್ಯಾಸ ಬದಲಾದರೆ ಪ್ರೋಗ್ರಾಂನಲ್ಲಿ ಅಂಕಿ ಬದಲಿಸಿದರಾಯಿತು.

ಸೈನ್ ಅಲೆಯನ್ನೂ ಪಡೆಯಬಹುದು. ಅಲೆಯ 256 ಬಿಂದುಗಳ ಪಟ್ಟಿಯನ್ನು ಸ್ಮೃತಿಯಲ್ಲಿಟ್ಟು, ನಿಗದಿತ ಹೆಜ್ಜೆಯಲ್ಲಿ ಓದುತ್ತಾ ಹೋಗುವುದೇ ಈ ವಿಧಾನದ ತಿರುಳು. 16 ಮೆಗಾಹರ್ಟ್ಸ್ ಗಡಿಯಾರದ ಅಟ್‌ಮೆಗಾ 328 ಚಿಪ್ ಸೆಕೆಂಡಿಗೆ 62,500 ಬಾರಿ ಬಿಂದುಗಳನ್ನು ಹೊರಕಳಿಸಬಲ್ಲದು. ಹೆಜ್ಜೆಯ ಲೆಕ್ಕಕ್ಕೆ 16 ಬಿಟ್ ಬಳಸಿದರೆ ಆವೃತ್ತಿಯನ್ನು ಸುಮಾರು 0.95 ಹರ್ಟ್ಸ್‌ನಷ್ಟು, 24 ಬಿಟ್ ಬಳಸಿದರೆ 0.004 ಹರ್ಟ್ಸ್‌ಗಿಂತಲೂ ಸೂಕ್ಷ್ಮವಾಗಿ ಬದಲಿಸಬಹುದು. ಹೊರಬರುವ ಪಲ್ಸ್‌ಗಳನ್ನು ನುಣುಪಾದ ಅಲೆಯಾಗಿಸಲು ಮಾತ್ರ ರೆಸಿಸ್ಟರ್, ಕೆಪಾಸಿಟರ್‌ಗಳ ಸೋಸುಮಂಡಲ ಬೇಕೇ ಬೇಕು.

ಮಿತಿಗಳು

ಈ ವಿಧಾನದಲ್ಲಿ ಕೆಲವು ಕಿಲೋಹರ್ಟ್ಸ್‌ವರೆಗೆ ಉತ್ತಮ ಅಲೆ ಸಿಗುತ್ತದೆ. ಮೆಗಾಹರ್ಟ್ಸ್ ಮಟ್ಟಕ್ಕೆ ಎಡಿ 9833ರಂತಹ ಪ್ರತ್ಯೇಕ ಚಿಪ್‌ಗಳೇ ಸೂಕ್ತ. ಮೋಟರ್, ರಿಲೇಗಳನ್ನು ಚಿಪ್‌ನ ಕಾಲಿಗೆ ನೇರವಾಗಿ ಜೋಡಿಸುವಂತಿಲ್ಲ. ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು.

ಸುರಕ್ಷತೆಯ ವಿಷಯವಂತೂ ಗಂಭೀರ. ಈ ಚಿಪ್‌ಗಳು ಮರುಚಾಲನೆಯಾಗುವ ಕ್ಷಣದಲ್ಲಿ ಅವುಗಳ ಕಾಲುಗಳು ಯಾವ ಆದೇಶವನ್ನೂ ನೀಡುವುದಿಲ್ಲ. ಆಗ ಮಾಸ್‌ಫೆಟ್‌ನ ಗೇಟ್ ಅತಂತ್ರವಾಗಿದ್ದರೆ ಯಂತ್ರ ತಾನಾಗಿಯೇ ಚಾಲೂ ಆಗುವ ಅಪಾಯವಿದೆ. ಗೇಟ್‌ನಿಂದ ನೆಲತಂತಿಗೆ ಒಂದು ರೆಸಿಸ್ಟರ್ ಹಾಕುವುದು ಇದಕ್ಕೆ ಪರಿಹಾರ. ಪ್ರೋಗ್ರಾಂ ಸ್ಥಗಿತಗೊಂಡರೆ ಮರುಚಾಲನೆ ನೀಡುವ ವಾಚ್‌ಡಾಗ್ ಟೈಮರನ್ನೂ ಸಕ್ರಿಯಗೊಳಿಸಬೇಕು. ಮನುಷ್ಯರ ಜೀವಕ್ಕೆ ಸಂಬಂಧಿಸಿದ ತುರ್ತು ನಿಲುಗಡೆಯನ್ನು ಮಾತ್ರ ತಂತ್ರಾಂಶಕ್ಕೆ ಒಪ್ಪಿಸದೆ ಪ್ರತ್ಯೇಕ ಸ್ವಿಚ್ ಮಂಡಲದಲ್ಲಿಯೇ ಇಡುವುದು ಕ್ಷೇಮ.

ಪ್ರೋಗ್ರಾಂ ಯಾರ ಬಳಿ?

ಸುಟ್ಟ 555 ಚಿಪ್ಪನ್ನು ಯಾರಾದರೂ ಬದಲಿಸಬಹುದು. ಆದರೆ ಸುಟ್ಟ ಮೈಕ್ರೋಕಂಟ್ರೋಲರ್‌ನ ಜಾಗಕ್ಕೆ ಹೊಸದನ್ನು ತಂದಿಟ್ಟರೆ ಅದು ಖಾಲಿ ಚಿಪ್ ಅಷ್ಟೇ. ಒಳಗಿನ ಪ್ರೋಗ್ರಾಂ ಓದಲಾಗದಂತೆ ಬೀಗ ಹಾಕುವ ಸೌಲಭ್ಯವೂ ಇರುವುದರಿಂದ, ಬರೆದವರು ಕೆಲಸ ಬಿಟ್ಟು ಹೋದರೆ ಯಂತ್ರವೇ ಮೂಲೆ ಸೇರಬಹುದು. ಆದ್ದರಿಂದ ಮಂಡಲ ಮಾಡಿಸುವ ಸಣ್ಣ ಉದ್ಯಮಿಗಳು ಹಣ ಪಾವತಿಸುವ ಮುನ್ನವೇ ಮೂಲ ಪ್ರೋಗ್ರಾಂ, ಮಂಡಲದ ನಕ್ಷೆ ಹಾಗೂ ಚಿಪ್‌ನ ಹೊಂದಾಣಿಕೆಗಳ ವಿವರವನ್ನು ಲಿಖಿತವಾಗಿ ಪಡೆದು, ಎರಡು ಕಡೆ ಭದ್ರವಾಗಿಟ್ಟುಕೊಳ್ಳುವುದು ಒಳಿತು.